ಬಟ್ಟಲಿಗಿಂತ ಮೊದಲು ಕಾಗದ: ಮುಳುಗಿದ ಹಡಗಿನ ಚೀನೀ ಪಿಂಗಾಣಿ ಸಂಗ್ರಹಿಸುವವರಿಗೆ

ನನ್ನ ಮೇಜಿನ ಮೇಲೆ ಒಂದು ಪುಟ್ಟ ಪಿಂಗಾಣಿ ಬಟ್ಟಲಿದೆ. ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ. ಹೊರಮೈಯಲ್ಲಿ ನೀಲಿ ಹೂಬಳ್ಳಿ. ಕುಂಚ ಹಿಡಿದವರಿಗೆ ಆವತ್ತು ಅವಸರವಿತ್ತು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಎಲೆಯ ತುದಿ ತಳದವರೆಗೂ ಜಾರಿ ಇಳಿದಿದೆ. ಚೀನಾದ ಫುಜಿಯಾನ್ ಪ್ರಾಂತ್ಯದ ದೆಹುವಾ ಎಂಬಲ್ಲಿನ ಆವಿಗೆಯಲ್ಲಿ ಸುಟ್ಟಿದ್ದು. ಇಂಥವನ್ನು ಅಲ್ಲಿ ಲಕ್ಷಗಟ್ಟಲೆ ಮಾಡುತ್ತಿದ್ದರು. ಬಡವರ, ಮಧ್ಯಮದವರ ಮನೆಯಲ್ಲಿ ಅನ್ನ ಉಣ್ಣಲು, ಗಂಜಿ ಕುಡಿಯಲು.

ಆದರೆ ಈ ಬಟ್ಟಲಿಗೆ ಒಂದು ತಾರೀಖಿದೆ. 1822ರ ಫೆಬ್ರವರಿ 6. ಚೀನಾದ ಅಮೊಯ್ ಬಂದರಿನಿಂದ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ, ಹೊರಟಿದ್ದ 'ಟೆಕ್ ಸಿಂಗ್' ಎಂಬ ಭಾರಿ ಚೀನೀ ಹಡಗು ಅಂದು ಇಂಡೊನೇಷ್ಯಾದ ಗ್ಯಾಸ್ಪರ್ ಜಲಸಂಧಿಯ ಬಂಡೆಗೆ ಬಡಿದು ಮುಳುಗಿತು. ಕೆಲಸ ಹುಡುಕಿ ಹೊರಟಿದ್ದ ನೂರಾರು ಬಡ ವಲಸಿಗರು ಅದರಲ್ಲಿದ್ದರು. ಮರುದಿನ ಆ ದಾರಿಯಲ್ಲಿ ಬಂದ 'ಇಂಡಿಯಾನಾ' ಎಂಬ ಇಂಗ್ಲಿಷ್ ಹಡಗು ತೇಲುತ್ತಿದ್ದವರಲ್ಲಿ ಸುಮಾರು 190 ಜನರನ್ನು ಎತ್ತಿಕೊಂಡಿತು. ಸಾವಿರಕ್ಕೂ ಜಾಸ್ತಿ ಜನ ಅಲ್ಲೇ ಸತ್ತರು.

ಇದಕ್ಕಿಂತ ಚೆಂದದ ಬಟ್ಟಲುಗಳು ಬೇಕಾದಷ್ಟು ಸಿಗುತ್ತವೆ. ಆದರೆ ಯಾವ ದಿನ, ಯಾವ ಹಡಗಿನಲ್ಲಿ, ಯಾರ ಜೊತೆ ಇತ್ತು ಅಂತ ಹೇಳಬಹುದಾದ ಹಳೆಯ ವಸ್ತು ಎಷ್ಟಿರುತ್ತವೆ ಹೇಳಿ? ಆ ತಾರೀಖನ್ನು ಬಟ್ಟಲಿಗೆ ಕಟ್ಟಿ ಹಿಡಿದಿರುವುದು ಹರಾಜಿನ ಒಂದು ಚೀಟಿ, ಒಂದೆರಡು ಹಾಳೆ. ಅವು ಕಳಚಿದರೆ ಕೈಯಲ್ಲಿ ಉಳಿಯುವುದು ಒಂದು ಹಳೇ ಗಂಜಿ ಬಟ್ಟಲು. ಅದಕ್ಕೇ ಈ ಹವ್ಯಾಸಕ್ಕೆ ಬರುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ಕಾಗದ ನೋಡಿ, ಆಮೇಲೆ ಬಟ್ಟಲು ನೋಡಿ. ಕೆಳಗಿನ ಹೆಜ್ಜೆಗಳೆಲ್ಲ ಆ ಮಾತಿನ ಸುತ್ತಲೇ ಇವೆ.

ಹೆಜ್ಜೆ 1: ಒಂದು ಹಡಗನ್ನು ಆರಿಸಿಕೊಳ್ಳಿ

'ಹಳೆಯ ಚೀನೀ ಪಿಂಗಾಣಿ' ಅಂತ ಹೊರಟರೆ ಅದು ಸಮುದ್ರ. ಒಂದು ಹಡಗು ಅಂತ ಹೊರಟರೆ ಓದಬೇಕಾದ್ದು, ನೋಡಬೇಕಾದ್ದು ಎರಡೂ ಕೈಗೆ ಸಿಗುವಷ್ಟೇ ಇರುತ್ತದೆ.

ಹೊಸಬರಿಗೆ ಎರಡು ಹಡಗುಗಳು ಒಳ್ಳೆಯವು. ಒಂದು ಮೇಲೆ ಹೇಳಿದ ಟೆಕ್ ಸಿಂಗ್. 1999ರಲ್ಲಿ ಮೈಕಲ್ ಹ್ಯಾಚರ್ ಎಂಬ ಮುಳುಗುಗಾರನ ತಂಡ ಅದನ್ನು ಪತ್ತೆ ಮಾಡಿತು. ಸುಮಾರು ಮೂರೂವರೆ ಲಕ್ಷ ಪಿಂಗಾಣಿ ವಸ್ತುಗಳು ಮೇಲೆ ಬಂದವು. 2000ದ ನವೆಂಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಗೆಲ್ ಎಂಬ ಹರಾಜು ಸಂಸ್ಥೆ ಅವನ್ನು ಮಾರಿತು. ಅಷ್ಟು ಲಕ್ಷ ವಸ್ತುಗಳು ಮಾರುಕಟ್ಟೆಗೆ ಬಂದದ್ದರಿಂದ ಚಿಕ್ಕ ತಟ್ಟೆ, ಚಿಕ್ಕ ಬಟ್ಟಲು ಇವತ್ತಿಗೂ ಒಂದು ಸಾಧಾರಣ ಸ್ಮಾರ್ಟ್‌ಫೋನಿನ ಬೆಲೆಯೊಳಗೆ ಸಿಗುತ್ತವೆ.

ಇನ್ನೊಂದು 'ಗೆಲ್ಡರ್‌ಮಾಲ್ಸೆನ್'. ಇದರ ಕತೆ ನನಗೆ ಬಹಳ ಇಷ್ಟ. ಇದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗು. ಚೀನಾದ ಕ್ಯಾಂಟನ್ ಬಂದರಿನಲ್ಲಿ ಚಹಾ, ರೇಷ್ಮೆ, ಪಿಂಗಾಣಿ, ಚಿನ್ನದ ಗಟ್ಟಿ ತುಂಬಿಕೊಂಡು ಊರಿಗೆ ಹೊರಟಿತ್ತು. 1752ರ ಜನವರಿ 3ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ಬಂಡೆಗೆ ತಾಗಿತು. ಇದ್ದ 112 ಜನರಲ್ಲಿ ಉಳಿದವರು 32. ಹಡಗಿಗೆ ಏನೇನು ಹೇರಿದ್ದರು ಅನ್ನುವ ಕಂಪನಿಯ ಪಟ್ಟಿ ಇವತ್ತಿಗೂ ಇದೆ. ಚಹಾದ ಕಪ್-ಬಸಿ 63,623. ಟೀ ಪಾಟ್ 578. ಊಟದ ಚಪ್ಪಟೆ ತಟ್ಟೆ 14,315. ಕಪ್ಪುಗಳನ್ನು ಒಂದೊಂದೂ ಬಿಡದೆ ಎಣಿಸಿ ಬರೆದ ಆ ಗುಮಾಸ್ತನನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಅವನು ಎಣಿಸಿದ್ದರಿಂದ ತಾನೇ ನಮ್ಮ ಕಪ್ಪಿಗೆ ಲೆಕ್ಕ ಸಿಕ್ಕಿದ್ದು!

ಆ ಕಾಲದಲ್ಲಿ ಬೆಲೆಯ ಸರಕು ಅಂದರೆ ಚಹಾ. ಗೆಲ್ಡರ್‌ಮಾಲ್ಸೆನ್‌ನಲ್ಲಿ 6,86,997 ಪೌಂಡ್ ಚಹಾ ಇತ್ತು. ಪಿಂಗಾಣಿ ನೀರು ತಾಗಿದರೆ ಕೆಡುವುದಿಲ್ಲ, ಭಾರವೂ ಇದೆ. ಹಾಗಾಗಿ ಅದರ ಪೆಟ್ಟಿಗೆಗಳನ್ನು ಹಡಗಿನ ತಳದಲ್ಲಿಟ್ಟು, ಮೇಲೆ ಚಹಾ ಪೆಟ್ಟಿಗೆ ಜೋಡಿಸುತ್ತಿದ್ದರು. ಹಡಗು ಮುಳುಗಿದ ಮೇಲೆ ಚಹಾ ಕೊಳೆತು ಕೆಸರಾಗಿ ಕಪ್, ತಟ್ಟೆಗಳ ಮೇಲೆ ಹೊದಿಕೆಯಾಯಿತು. ಅಷ್ಟು ಪಿಂಗಾಣಿ 233 ವರ್ಷ ಒಡೆಯದೆ, ಸವೆಯದೆ ಉಳಿದದ್ದಕ್ಕೆ ಆ ಚಹಾವೂ ಕಾರಣ. 1985ರಲ್ಲಿ ಇದನ್ನೂ ಹ್ಯಾಚರ್ ತಂಡವೇ ಎತ್ತಿತು. 1986ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 'ನಾನ್‌ಕಿಂಗ್ ಕಾರ್ಗೋ' ಎಂಬ ಹೆಸರಿನಲ್ಲಿ ಹರಾಜು ಹಾಕಿತು. ಒಂದೂವರೆ ಲಕ್ಷದಷ್ಟು ವಸ್ತುಗಳು. ಮಾರುಕಟ್ಟೆಯಲ್ಲಿ ಈಗಲೂ ಆ ಹೆಸರೇ ನಡೆಯುತ್ತದೆ.

ಇನ್ನೂ ಕೆಲವು ಹೆಸರುಗಳು ನಿಮ್ಮ ಕಿವಿಗೆ ಬೀಳುತ್ತವೆ. ವಿಯೆಟ್ನಾಂ ಬದಿಯ 'ವುಂಗ್ ತಾವ್' ಸರಕು ಸುಮಾರು 1690ರದ್ದು, 1992ರಲ್ಲಿ ಹರಾಜಾಯಿತು. 'ಕಾ ಮಾವ್' ಸರಕು 1725ರ ಆಸುಪಾಸಿನದು, 2007ರಲ್ಲಿ ಸದಬೀಸ್ ಸಂಸ್ಥೆ 76,000 ವಸ್ತುಗಳನ್ನು ಮಾರಿತು.

ನಮ್ಮ ಕಡೆಯವರು ತಿಳಿಯಲೇಬೇಕಾದ ಹಡಗು 'ಡಯಾನಾ'. ಅದು ಕ್ಯಾಂಟನ್‌ನಿಂದ ಹೊರಟಿದ್ದು ಮದರಾಸಿಗೆ. 1817ರ ಮಾರ್ಚ್ 4ರಂದು ಮಲಾಕ್ಕಾ ಬಳಿ ಮುಳುಗಿತು. ಅದರಿಂದ ಎತ್ತಿದ ಸುಮಾರು 24,000 ವಸ್ತುಗಳು 1995ರಲ್ಲಿ ಕ್ರಿಸ್ಟೀಸ್‌ನಲ್ಲಿ ಮಾರಾಟವಾದವು. ಹಡಗು ದಡ ಸೇರಿದ್ದರೆ ಆ ತಟ್ಟೆಗಳು ಮದರಾಸಿನ ಅಂಗಡಿಗಳಿಗೆ ಬರುತ್ತಿದ್ದವು. ಅಲ್ಲಿಂದ ಎತ್ತಿನ ಗಾಡಿ ಏರಿ ಘಟ್ಟ ಹತ್ತಿ ಒಂದೆರಡು ನಮ್ಮೂರುಗಳಿಗೂ ಬರುತ್ತಿದ್ದವೋ ಏನೋ. ನನಗೆ ಡಯಾನಾದ ಒಂದು ತಟ್ಟೆ ಬೇಕು ಅನ್ನುವ ಆಸೆ ಅದಕ್ಕೇ.

ಹೆಜ್ಜೆ 2: ಮ್ಯೂಸಿಯಂನಲ್ಲಿ ಕಣ್ಣು ಪಳಗಿಸಿ

ಕೊಳ್ಳುವ ಮೊದಲು ನಿಜವಾದದ್ದನ್ನು ನೂರು ಸಲ ನೋಡಿರಬೇಕು. ಸಿಂಗಪುರದಲ್ಲಿ ಇರುವವರಿಗೆ, ಹೋಗಿ ಬರುವವರಿಗೆ ಏಷ್ಯನ್ ಸಿವಿಲೈಸೇಷನ್ಸ್ ಮ್ಯೂಸಿಯಂ ಇದೆ. ಅಲ್ಲಿ ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ಸಿಕ್ಕ ಹಡಗಿನ ಸರಕು ಇಟ್ಟಿದ್ದಾರೆ. ಒಂಬತ್ತನೇ ಶತಮಾನದ್ದು. ಅರಬ್ ಕಡೆಯ ರೀತಿಯಲ್ಲಿ ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಅದರಲ್ಲಿದ್ದ ಚೀನಾದ ಚಾಂಗ್ಶಾ ಆವಿಗೆಗಳ ಬಟ್ಟಲುಗಳೇ ಹತ್ತಾರು ಸಾವಿರ. ಅವನ್ನು ದೊಡ್ಡ ಜಾಡಿಗಳೊಳಗೆ ಸುರುಳಿ ಸುತ್ತಿದ ಹಾಗೆ ಒಂದರ ಪಕ್ಕ ಒಂದು ಜೋಡಿಸಿದ್ದರು. ನಮ್ಮಲ್ಲಿ ವೀಳ್ಯದೆಲೆ ಪಿಂಡಿ ಕಟ್ಟುವ ಅಚ್ಚುಕಟ್ಟು ನೆನಪಾಗುತ್ತದೆ. ಒಂದು ಬಟ್ಟಲಿನ ಮೇಲೆ ಕ್ರಿಸ್ತಶಕ 826ಕ್ಕೆ ಸರಿಹೋಗುವ ತಾರೀಖು ಕೊರೆದಿದೆ. ಇಡೀ ಹಡಗಿನ ಕಾಲ ಗೊತ್ತಾಗಲು ಆ ಒಂದು ಬಟ್ಟಲು ನೆರವಾಯಿತು.

ನಮ್ಮ ರಾಜ್ಯದಲ್ಲೂ ನೋಡಲು ಇದೆ. ವಿಜಯಪುರದ ಗೋಳಗುಮ್ಮಟದ ಆವರಣದ ಮ್ಯೂಸಿಯಂನಲ್ಲಿ ಚೀನೀ ಪಿಂಗಾಣಿ ಇದೆ. ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿ ಚೂರುಗಳು ಸಿಕ್ಕಿವೆ. ಇವು ಮುಳುಗಿದ ಹಡಗಿನವಲ್ಲ, ದಡ ಮುಟ್ಟಿದ ಹಡಗುಗಳವು. ಮೈ, ಮೆರುಗು (ಮೇಲಿನ ಗಾಜಿನಂಥ ಲೇಪ), ನೀಲಿಯ ಹದ ಕಲಿಯಲು ಇವೇ ಒಳ್ಳೆಯ ಪಾಠ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದರೆ ಚೀನೀ ಕೊಠಡಿಗೆ ಅರ್ಧ ದಿನ ಇಟ್ಟುಕೊಳ್ಳಿ.

ಹಂಪಿಯಲ್ಲಿ ನೆಲದ ಮೇಲೆ ಚೂರು ಕಂಡರೆ ಎತ್ತಿ ಜೇಬಿಗೆ ಹಾಕಬೇಡಿ. ಸಂರಕ್ಷಿತ ಸ್ಮಾರಕದಿಂದ ಏನನ್ನೂ ಒಯ್ಯುವಂತಿಲ್ಲ. ಬಿದ್ದ ಜಾಗದಲ್ಲೇ ಇದ್ದರೆ ಅದಕ್ಕೊಂದು ಕತೆ ಇರುತ್ತದೆ.

ಹೆಜ್ಜೆ 3: ಕಾಗದ ಕೇಳಿ

ಮಾರುವವರಿಗೆ ಬರೆಯುವ ಮೊದಲ ಸಾಲೇ ಇದಾಗಿರಲಿ: "ಇದು ಯಾವ ಹಡಗಿನದು, ಯಾವ ಹರಾಜಿನದು, ಲಾಟ್ ನಂಬರ್ ಎಷ್ಟು?" ಲಾಟ್ ಅಂದರೆ ಹರಾಜಿನಲ್ಲಿ ಒಟ್ಟಿಗೆ ಮಾರುವ ಒಂದು ಗುಂಪು. ಉತ್ತರ ನೇರವಾಗಿ ಬರಬೇಕು. "ದಕ್ಷಿಣ ಚೀನಾ ಸಮುದ್ರದ ಒಂದು ಹಡಗು", "ಒಬ್ಬ ಮೀನುಗಾರರ ಮನೆಯಿಂದ ಬಂದದ್ದು", "ಅಜ್ಜನ ಕಾಲದ ಸಂಗ್ರಹ" ಅಂದರೆ ಅಲ್ಲಿಗೇ ನಿಲ್ಲಿಸಿ.

ದೊಡ್ಡ ಹರಾಜುಗಳಲ್ಲಿ ಮಾರಿದ ವಸ್ತುವಿನ ತಳಕ್ಕೆ ಒಂದು ಚೀಟಿ ಅಂಟಿಸಿರುತ್ತಾರೆ. ಸರಕಿನ ಹೆಸರು, ಹರಾಜು ಸಂಸ್ಥೆಯ ಹೆಸರು, ಲಾಟ್ ನಂಬರ್ ಇರುತ್ತವೆ. ಕೆಲವಕ್ಕೆ ಪ್ರಮಾಣಪತ್ರವೂ ಇರುತ್ತದೆ. ಚೀಟಿ ಇದ್ದರೆ ಸಾಕು ಅಂತ ತಿಳಿಯಬೇಡಿ. ಚೀಟಿ ಕಿತ್ತು ಬೇರೆ ಬಟ್ಟಲಿಗೆ ಅಂಟಿಸುವುದು ಎಷ್ಟು ಹೊತ್ತಿನ ಕೆಲಸ, ಅಲ್ವಾ? ಅದಕ್ಕೆ ಮುಂದಿನ ಕೆಲಸ ಮಾಡಿ. ಆ ಹರಾಜಿನ ಕ್ಯಾಟಲಾಗ್ ಹುಡುಕಿ. ಹಳೆಯ ಪುಸ್ತಕ ಮಾರುವವರ ಹತ್ತಿರ ಸಿಗುತ್ತದೆ. ಮೊದಲ ಬಟ್ಟಲು ಕೊಳ್ಳುವ ಮೊದಲೇ ಅದನ್ನು ಕೊಂಡರೆ ದುಡ್ಡು ದಂಡ ಆಗುವುದಿಲ್ಲ. ಲಾಟ್ ನಂಬರ್ ತೆಗೆದು ಅದರ ವಿವರ ಓದಿ. ಅಲ್ಲಿ ಬಸಿ ಅಂತ ಇದ್ದು ನಿಮ್ಮ ಮುಂದೆ ಬಟ್ಟಲು ಇದ್ದರೆ ಚೀಟಿ ಮನೆ ಬದಲಿಸಿದೆ. ಅಳತೆ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೂ ಕೇಳಿ.

ಇಲ್ಲೊಂದು ಸೂಕ್ಷ್ಮ ಇದೆ. ಈ ಹರಾಜುಗಳಲ್ಲಿ ಒಂದೇ ಲಾಟಿನಲ್ಲಿ ನೂರು ತಟ್ಟೆ ಇರುತ್ತಿದ್ದವು. ಕ್ಯಾಟಲಾಗ್‌ನಲ್ಲಿ ಒಂದರ ಫೋಟೋ ಮಾತ್ರ. ನಿಮ್ಮ ತಟ್ಟೆ ಆ ನೂರರಲ್ಲಿ ಒಂದು ಅನ್ನುವುದಕ್ಕೆ ಫೋಟೋ ಸಾಲದು. ಹಾಗಾಗಿ ಬಿಲ್ಲುಗಳ ಸರಪಳಿ ಬೇಕು. ಹರಾಜಿನಿಂದ ಯಾರು ಕೊಂಡರು, ಅವರಿಂದ ಯಾರಿಗೆ ಹೋಯಿತು, ಈಗ ಯಾರ ಹತ್ತಿರ ಇದೆ. ನಡುವೆ ಒಂದು ಕೊಂಡಿ ತಪ್ಪಿದ್ದರೆ ಬೆಲೆ ಇಳಿಸಿ ಕೇಳಿ. ಎರಡು ತಪ್ಪಿದ್ದರೆ ಬಿಟ್ಟುಬಿಡಿ.

ಕಾಗದ ಕೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಹಡಗು ಮುಳುಗಿದ ಜಾಗ ಒಂದು ಊರಿದ್ದ ಹಾಗೆ. ಯಾವ ಪೆಟ್ಟಿಗೆ ಎಲ್ಲಿತ್ತು, ಯಾರ ಚಪ್ಪಲಿ ಎಲ್ಲಿ ಬಿದ್ದಿತ್ತು ಅನ್ನುವುದೆಲ್ಲ ಓದಲು ಬರುತ್ತದೆ. ಮಾರಾಟದ ಆತುರದಲ್ಲಿ ಎತ್ತಿದರೆ ಆ ಓದು ಶಾಶ್ವತವಾಗಿ ಹೋಗುತ್ತದೆ. ಗೆಲ್ಡರ್‌ಮಾಲ್ಸೆನ್ ವಿಷಯದಲ್ಲಿ ಆದದ್ದು ಅದೇ. ಪುರಾತತ್ವದವರ ಆ ನೋವನ್ನು ನಾನು ಒಪ್ಪುತ್ತೇನೆ. 2001ರಲ್ಲಿ ಯುನೆಸ್ಕೋ ನೀರಿನಡಿಯ ಪರಂಪರೆ ಕಾಯಲು ಒಂದು ಒಪ್ಪಂದ ತಂದಿತು. 2009ರಿಂದ ಅದು ಜಾರಿಯಲ್ಲಿದೆ. ನೂರು ವರ್ಷ ನೀರಿನಡಿ ಇದ್ದದ್ದನ್ನು ವ್ಯಾಪಾರಕ್ಕೆ ಎತ್ತಬಾರದು ಅನ್ನುವುದು ಅದರ ಮೂಲ ಮಾತು.

ಹಾಗಾಗಿ ನನ್ನ ಗೆರೆ ಇಷ್ಟು: ಹಿಂದೆಯೇ ಬಹಿರಂಗವಾಗಿ ಹರಾಜಾಗಿ, ದಾಖಲೆ ಸಮೇತ ಕೈ ಬದಲಿಸುತ್ತಿರುವುದನ್ನು ಮಾತ್ರ ಕೊಳ್ಳುತ್ತೇನೆ. "ಮೊನ್ನೆ ಮೇಲೆ ಬಂದದ್ದು" ಅಂದರೆ ಎಷ್ಟೇ ಅಗ್ಗವಾದರೂ ಬೇಡ. ನಾವು ಕೊಳ್ಳುವ ಒಂದೊಂದು ಹೊಸ ಬಟ್ಟಲೂ ಇನ್ನೊಂದು ಹಡಗಿನ ಮೇಲೆ ಮುಳುಗುಗಾರರನ್ನು ಕಳಿಸುತ್ತದೆ. ಸಿಂಗಪುರದ ಬಳಿ 'ಶಾ ಮಂಚರ್' ಎಂಬ ಹಡಗನ್ನು ಇತ್ತೀಚೆಗೆ ಪುರಾತತ್ವದವರೇ ಶೋಧಿಸಿದರು. ನಮ್ಮ ದೇಶದಲ್ಲೇ ಕಟ್ಟಿದ ಹಡಗು. 1796ರಲ್ಲಿ ಚೀನಾದಿಂದ ಭಾರತಕ್ಕೆ ಬರುವಾಗ ಮುಳುಗಿತ್ತು. ಅದರ ಪಿಂಗಾಣಿ ಮ್ಯೂಸಿಯಂ ಸೇರುತ್ತದೆ. 'ಶಾ ಮಂಚರ್ ಬಟ್ಟಲು' ಅಂತ ಯಾರಾದರೂ ಮಾರಲು ಬಂದರೆ ಅದು ಕಳ್ಳಮಾಲು, ಇಲ್ಲಾ ಸುಳ್ಳು.

ಹೆಜ್ಜೆ 4: ಬಟ್ಟಲನ್ನು ಓದಿ

ಈಗ ಬಟ್ಟಲಿಗೆ ಬನ್ನಿ. ಕೈಯಲ್ಲಿ ಸಿಗದಿದ್ದರೆ ಫೋಟೋ ಕೇಳಿ. ಮುಂದೆ, ಹಿಂದೆ, ತಳ, ಅಂಚು, ಚೀಟಿ. ಜೊತೆಗೆ ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಓರೆಯಲ್ಲಿ ತೆಗೆದ ಒಂದು ಫೋಟೋ. ಆ ಓರೆ ಬೆಳಕೇ ಎಲ್ಲಕ್ಕಿಂತ ಮುಖ್ಯ.

ಯಾಕೆ ಅಂದರೆ, ಸಮುದ್ರ ಮೆರುಗನ್ನು ತಿನ್ನುತ್ತದೆ. ಕೆಸರಿನೊಳಗೆ ಹೂತಿದ್ದ ಭಾಗ ಹೊಸದರ ಹಾಗೆ ಹೊಳೆಯುತ್ತದೆ. ನೀರು ಮತ್ತು ಮರಳಿಗೆ ತೆರೆದುಕೊಂಡಿದ್ದ ಭಾಗ ಮಂಕಾಗಿ, ತರಿತರಿಯಾಗಿ ಇರುತ್ತದೆ. ಎಷ್ಟೋ ಸಲ ಒಂದೇ ತಟ್ಟೆಯಲ್ಲಿ ಎರಡೂ ಇರುತ್ತವೆ, ನಡುವೆ ಅಲೆಯ ಹಾಗೆ ಒಂದು ಗಡಿ. ಆಸಿಡ್ ಹಾಕಿ ಮಂಕು ಮಾಡಿದ ಹೊಸ ತಟ್ಟೆಯಲ್ಲಿ ಮಂಕು ಎಲ್ಲ ಕಡೆ ಒಂದೇ ಸಮ.

ಮೆರುಗಿನ ಅಡಿಯಲ್ಲಿ ಬರೆದ ಕೊಬಾಲ್ಟ್ ನೀಲಿ ಉಳಿಯುತ್ತದೆ. ಮೆರುಗಿನ ಮೇಲೆ ಹಚ್ಚಿದ ಕೆಂಪು, ಚಿನ್ನದ ಬಣ್ಣ ಸಮುದ್ರದಲ್ಲಿ ಕರಗಿ ಹೋಗುತ್ತದೆ. ನಾನ್‌ಕಿಂಗ್ ಕಾರ್ಗೋದಲ್ಲಿ ಇಂಥ ತಟ್ಟೆಗಳಿವೆ. ನೇರವಾಗಿ ನೋಡಿದರೆ ನೀಲಿ ಗೆರೆಗಳು ಅಲ್ಲಲ್ಲಿ ಅರ್ಧಕ್ಕೇ ನಿಂತ ಹಾಗೆ ಕಾಣುತ್ತವೆ. ಬೆಳಕಿಗೆ ಓರೆ ಹಿಡಿದು ನಿಧಾನಕ್ಕೆ ತಿರುಗಿಸಿ. ಬಿಳಿ ಜಾಗದಲ್ಲಿ ಉಸಿರಿನ ಹಬೆ ಕೂತ ಗಾಜಿನ ಮೇಲೆ ಬೆರಳಿನಿಂದ ಬರೆದ ಹಾಗೆ ಹೂವಿನ ನೆರಳು ಏಳುತ್ತದೆ. ಬಣ್ಣ ಹೋಗಿದೆ, ಬಣ್ಣ ಕೂತಿದ್ದ ಜಾಗ ಉಳಿದಿದೆ. ಅದನ್ನು ಮೊದಲ ಸಲ ಕಂಡ ದಿನ ನಾನು ತಟ್ಟೆ ಕೆಳಗಿಡಲೇ ಇಲ್ಲ.

ತಳದ ಬಳೆ ನೋಡಿ. ಅಲ್ಲಿ ಮೆರುಗು ಇರುವುದಿಲ್ಲ, ಸುಟ್ಟ ಮಣ್ಣು ಬರಿ ಮೈಯಲ್ಲಿ ಕಾಣುತ್ತದೆ. ಆವಿಗೆಯಲ್ಲಿ ಇಟ್ಟಾಗ ಅಂಟಿದ ಮರಳಿನ ಕಣ ಇರಬಹುದು. ಕಬ್ಬಿಣದ ಕಂದು ಕಲೆ, ಮಣ್ಣಿನ ಬೂದು ಕಲೆ ಒಳಕ್ಕೆ ಇಳಿದಿರಬೇಕು. ಒದ್ದೆ ಹತ್ತಿಯಿಂದ ಒರೆಸಿದರೆ ಕಲೆ ಹತ್ತಿಗೆ ಬಂತು ಅಂದರೆ ಅದು ಹಚ್ಚಿದ ಬಣ್ಣ. ತಳದಲ್ಲಿ ಚೀನೀ ಚಕ್ರವರ್ತಿಯ ಹೆಸರಿನ ಆರು ಅಕ್ಷರದ ಮುದ್ರೆ ಇದ್ದರೆ ಖುಷಿ ಪಡಬೇಡಿ, ಎಚ್ಚರವಾಗಿ. ಈ ಸರಕು ವ್ಯಾಪಾರದ ಸರಕು. ಬಹುಪಾಲು ವಸ್ತುಗಳಿಗೆ ಅಂಥ ಮುದ್ರೆ ಇರುವುದಿಲ್ಲ.

ಆಮೇಲೆ ಚಿಪ್ಪು, ಹವಳ. ಜನ ಮರುಳಾಗುವುದೇ ಇಲ್ಲಿ. ನಾನೂ ಮರುಳಾಗಿದ್ದೆ. ಶುರುವಿನ ದಿನಗಳಲ್ಲಿ ಅಂತರ್ಜಾಲದಲ್ಲಿ ಒಂದು ಜಾಡಿ ಕೊಂಡೆ. ಮೈ ತುಂಬ ಚಿಪ್ಪು, ನೋಡಲು ಕಡಲಿನಿಂದ ಈಗಷ್ಟೇ ಎದ್ದು ಬಂದ ಹಾಗಿತ್ತು. ಮನೆಗೆ ಬಂದ ಮೇಲೆ ಉಪ್ಪು ಬಿಡಿಸೋಣ ಅಂತ ಬೆಚ್ಚನೆ ನೀರಿನಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಚಿಪ್ಪುಗಳೆಲ್ಲ ಟಬ್ಬಿನ ತಳದಲ್ಲಿ ಕೂತಿದ್ದವು. ನೀರಿನ ಮೇಲೆ ಅಂಟಿನ ತೆಳು ಪೊರೆ. ಚಿಪ್ಪಿನ ಅಡಿಯಲ್ಲಿ ಜಾಡಿಯ ಮೆರುಗು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಹಳ ಬೇಜಾರಾಯಿತು. ಆದರೆ ಆ ಬೆಳಿಗ್ಗೆ ಕಲಿತದ್ದನ್ನು ಮರೆತಿಲ್ಲ.

ನಿಜವಾದ ಚಿಪ್ಪು ಅಲ್ಲೇ ಹುಟ್ಟಿ ಬೆಳೆದಿರುತ್ತದೆ. ಅದರ ಬುಡ ಮೇಲ್ಮೈಯ ಏರಿಳಿತಕ್ಕೆ ಸರಿಯಾಗಿ ಕೂತಿರುತ್ತದೆ, ಒಂದು ಕಾಗದದ ಅಂಚು ಕೂಡ ಒಳಗೆ ತೂರುವುದಿಲ್ಲ. ಕಡಲ ಹುಳುಗಳು ಕಟ್ಟಿದ ಬಿಳಿ ಕೊಳವೆಗಳು ಶಾವಿಗೆ ಎಳೆಯ ಹಾಗೆ ಮೈಮೇಲೆ ಹರಿದಾಡಿರುತ್ತವೆ. ಅವನ್ನು ಅಂಟಿಸಿ ನಕಲು ಮಾಡುವುದು ಕಷ್ಟ. ಭೂತಗನ್ನಡಿಯಲ್ಲಿ ನೋಡಿ. ಬುಡದ ಸುತ್ತ ಹಳದಿ ಅಂಟು, ಸಿಮೆಂಟಿನ ಪುಡಿ ಇದೆಯಾ? ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದರೆ ಹಲವು ಹೊಸ ಅಂಟುಗಳು, ರಿಪೇರಿ ಬಣ್ಣಗಳು ಬೇರೆಯಾಗಿ ಬೆಳಗುತ್ತವೆ. ಇನ್ನೊಂದು ಯೋಚಿಸಿ: ಹೊಸ ಬಟ್ಟಲನ್ನು ಕೆಲವು ಕಾಲ ಕಡಲಲ್ಲಿ ಬಿಟ್ಟರೂ ನಿಜವಾದ ಚಿಪ್ಪು ಹಿಡಿಯುತ್ತದೆ. ಚಿಪ್ಪು ನಿಜ ಅಂದ ಮಾತ್ರಕ್ಕೆ ಬಟ್ಟಲು ಹಳೆಯದು ಅಂತ ಆಗುವುದಿಲ್ಲ. ಮತ್ತೆ ಕಾಗದಕ್ಕೇ ಬಂದೆವು ನೋಡಿ.

ಕೊನೆಗೆ, ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮ ಮಾಡುತ್ತಿದ್ದ ಹಾಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಬಟ್ಟಲು 'ಣಂಗ್' ಅನ್ನುತ್ತದೆ. ಕೂದಲೆಳೆ ಬಿರುಕಿದ್ದರೆ ದನಿ ಮಂಕಾಗಿ ಸಾಯುತ್ತದೆ. ಅಂಚಿನಲ್ಲಿ ಚೂರು ಚಕ್ಕೆ ಹಾರಿದ್ದರೆ ನನಗೆ ಅಡ್ಡಿಯಿಲ್ಲ. ಮುಚ್ಚಿಟ್ಟ ರಿಪೇರಿ ಮಾತ್ರ ಬೇಡ.

ಹೆಜ್ಜೆ 5: ಕೊಳ್ಳುವಾಗ ಲೆಕ್ಕ, ಕಾನೂನು

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆ ಅಲ್ಲ. ಅದರ ಮೇಲೆ ಸಂಸ್ಥೆಯ ಪಾಲು ಬೀಳುತ್ತದೆ. ಸಾಮಾನ್ಯವಾಗಿ ಕಾಲು ಭಾಗದಷ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಪ್ಯಾಕಿಂಗ್, ವಿಮೆ, ಸಾಗಣೆ, ಭಾರತಕ್ಕೆ ತರುವುದಾದರೆ ಕಸ್ಟಮ್ಸ್ ತೆರಿಗೆ. ಎಲ್ಲ ಸೇರಿದರೆ ಚಿಕ್ಕ ಬಟ್ಟಲಿನ ಬೆಲೆ ಎರಡರಷ್ಟಾಗುವುದೂ ಉಂಟು. ಮೊದಲೇ ಪೂರ್ತಿ ಲೆಕ್ಕ ಹಾಕಿ, ಮೇಲಿನ ಮಿತಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಆಮೇಲೆ ಕೂಗಿ. ಪಾರ್ಸೆಲ್ ಮೇಲೆ 'ಉಡುಗೊರೆ' ಅಂತ ಬರೆಸುವ ಸಲಹೆ ಕೊಡುವವರ ಮಾತು ಕೇಳಬೇಡಿ. ವಸ್ತು ಯಾವುದು, ಎಷ್ಟು ವರ್ಷದ್ದು, ಎಷ್ಟಕ್ಕೆ ಕೊಂಡದ್ದು ಅಂತ ಇದ್ದದ್ದು ಇದ್ದ ಹಾಗೆ ಬರೆಸಿ. ಆ ಕಸ್ಟಮ್ಸ್ ಕಾಗದವೂ ನಾಳೆ ನಿಮ್ಮ ಬಟ್ಟಲಿನ ಸರಪಳಿಯ ಒಂದು ಕೊಂಡಿ.

ಹೊರದೇಶದಲ್ಲಿರುವ ಕನ್ನಡಿಗರು ಇದೊಂದನ್ನು ಗಮನಿಸಿ. 1972ರ ನಮ್ಮ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಕೈಕೆಲಸದ ವಸ್ತು 'ಪ್ರಾಚ್ಯವಸ್ತು'. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಚೀನಾದಲ್ಲಿ ಮಾಡಿದ್ದು ಅನ್ನುವುದು ಉತ್ತರ ಆಗುವುದಿಲ್ಲ. ಸಿಂಗಪುರದಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಕೊಂಡ ಬಟ್ಟಲನ್ನು ಬೆಂಗಳೂರಿಗೆ ತಂದು, ಮತ್ತೆ ಅಲ್ಲಿಗೆ ಒಯ್ದು ಮಾರೋಣ ಅನ್ನುವ ಯೋಚನೆ ಇದ್ದರೆ ತರುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ಕೇಳಿ. ನೋಂದಣಿ ಬೇಕಾ ಅನ್ನುವುದನ್ನೂ ಅಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲಿ ಕೊಳ್ಳುವುದಾದರೆ ಅಂಗಡಿಯವರ ಬಳಿ ಪ್ರಾಚ್ಯವಸ್ತು ಮಾರಾಟದ ಪರವಾನಗಿ ಇದೆಯಾ ನೋಡಿ.

ಹೆಜ್ಜೆ 6: ಉಪ್ಪು

ಮನೆಗೆ ಬಂದ ಮೇಲೆ ನಿಮ್ಮ ದೊಡ್ಡ ಶತ್ರು ಉಪ್ಪು. ಹಳೇ ಮನೆಯ ಗೋಡೆ ಸವಳು ಬಿಟ್ಟು ಬಣ್ಣ ಪುಡಿಪುಡಿಯಾಗಿ ಉದುರುವುದನ್ನು ನೋಡಿದ್ದೀರಲ್ಲ? ಇಲ್ಲೂ ಅದೇ. ಕಡಲ ನೀರಿನ ಉಪ್ಪು ಮಣ್ಣಿನ ರಂಧ್ರಗಳಲ್ಲಿ ಕೂತಿರುತ್ತದೆ. ಹವೆ ಒಣಗಿದಾಗ ಹರಳಾಗಿ ಹಿಗ್ಗುತ್ತದೆ, ತೇವ ಬಂದಾಗ ಕರಗುತ್ತದೆ. ಹೀಗೆ ಹಲವು ಸಲ ಆದರೆ ಮೆರುಗು ಚಕ್ಕೆಯಾಗಿ ಏಳುತ್ತದೆ. ಒಂದೇ ವರ್ಷದಲ್ಲಿ ಒಣ ಬೇಸಿಗೆ, ಸುರಿಯುವ ಮಳೆಗಾಲ ಎರಡನ್ನೂ ಕಾಣುವ ನಮ್ಮ ಮನೆಗಳಲ್ಲಿ ಇದು ಬೇಗ ಆಗುತ್ತದೆ. ಚೆನ್ನಾಗಿ ಸುಟ್ಟ ಗಟ್ಟಿ ಪಿಂಗಾಣಿ ಉಪ್ಪನ್ನು ಕಡಿಮೆ ಕುಡಿಯುತ್ತದೆ. ಒರಟು ಜಾಡಿ, ಮೆರುಗು ಬಿರಿದ ಬಟ್ಟಲು ಜಾಸ್ತಿ ಕುಡಿಯುತ್ತವೆ.

ದೊಡ್ಡ ಹರಾಜಿನ ವಸ್ತುಗಳಿಗೆ ಸಾಮಾನ್ಯವಾಗಿ ಆಗಲೇ ಉಪ್ಪು ಬಿಡಿಸಿರುತ್ತಾರೆ. ಹಾಗಾಗಿ ಚೀಟಿ ಇರುವ ಬಟ್ಟಲನ್ನು ನೀರಿಗೆ ಇಳಿಸಲೇಬೇಡಿ. ಚೀಟಿ ನೆನೆದು ಬಿಟ್ಟುಹೋದರೆ ಬಟ್ಟಲಿನ ಅರ್ಧ ಜೀವ ಹೋದ ಹಾಗೆ. ಮೆರುಗಿನ ಮೇಲೆ ಬಣ್ಣದ ಉಳಿಕೆ ಇದ್ದರೆ, ಹಳೆಯ ರಿಪೇರಿ ಇದ್ದರೆ, ಚಕ್ಕೆ ಏಳುತ್ತಿದ್ದರೆ ಕೂಡ ಬೇಡ. ಪರಂಪರೆ ಕಾಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರದಂಥ ಕಡೆ ತೋರಿಸಿ.

ಇವ್ಯಾವುವೂ ಇಲ್ಲದ ಗಟ್ಟಿ ನೀಲಿ-ಬಿಳಿ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಾಣುತ್ತಿದೆ ಅಂದರೆ ಹೀಗೆ ಮಾಡಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಹಳೆಯ ಹತ್ತಿ ಪಂಚೆ ಹಾಸಿ. ಬಟ್ಟಲು ಇಟ್ಟು ಪೂರ್ತಿ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡ, ಅದರಲ್ಲೇ ಬೇಕಾದಷ್ಟು ಲವಣ ಇರುತ್ತದೆ. ಆರ್‌ಓ ಫಿಲ್ಟರಿನ ನೀರು ಪರೀಕ್ಷಿಸುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಎಷ್ಟೋ ಮನೆಗಳಲ್ಲಿ ಇದೆಯಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರು ಹಾಕಿದ ದಿನ ಅಳೆದು ಬರೆದಿಡಿ. ಟಬ್ಬು ಮುಚ್ಚಿ. ವಾರ ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಏರಿದ್ದರೆ ಉಪ್ಪು ಹೊರಬರುತ್ತಿದೆ. ನೀರು ಬದಲಿಸಿ. ಹೊಸ ನೀರು ಹಾಕಿ ವಾರ ಕಳೆದರೂ ಸಂಖ್ಯೆ ಏರದೆ ನಿಂತರೆ ಆಯಿತು. ಕೆಲವಕ್ಕೆ ಎರಡು ವಾರ ಸಾಕು, ಕೆಲವಕ್ಕೆ ತಿಂಗಳುಗಳು ಬೇಕು. ಆಮೇಲೆ ನೆರಳಲ್ಲಿ, ಟವೆಲ್ ಮೇಲೆ ಬೋರಲು ಹಾಕಿ ನಿಧಾನಕ್ಕೆ ಒಣಗಿಸಿ. ಬಿಸಿಲಿಗೆ ಇಡಬೇಡಿ.

ಚಿಪ್ಪು ತೆಗೆಯಲು ನಿಂಬೆಹಣ್ಣು, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬೇಡಿ. ಚಿಪ್ಪು ಕರಗುತ್ತದೆ ನಿಜ, ಸಮುದ್ರ ಸವೆಸಿದ ಮೆರುಗಿಗೂ ಪೆಟ್ಟು ಬೀಳುತ್ತದೆ. ಚಿಪ್ಪು ಇರಲಿ ಬಿಡಿ, ಅದೂ ಬಟ್ಟಲಿನ ಆಯುಷ್ಯದ ಭಾಗವೇ.

ಇದರಲ್ಲಿ ಊಟ ಮಾಡಬೇಡಿ. ಸವೆದ ಮೆರುಗಿನಿಂದ ಏನು ಆಹಾರಕ್ಕೆ ಇಳಿಯುತ್ತದೋ ಹೇಳಲಾಗದು. ನಮ್ಮ ಸಾರಿನ ಅರಿಶಿನವಂತೂ ಮೆರುಗಿನ ಬಿರುಕಿಗೆ ಇಳಿದರೆ ಮತ್ತೆ ಹೋಗುವುದಿಲ್ಲ. ಗೋಡೆಗೆ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ ನೇತು ಹಾಕಬೇಡಿ, ಅಂಚು ಚಕ್ಕೆ ಏಳುತ್ತದೆ. ಒಂದರೊಳಗೆ ಒಂದು ಇಡುವುದಾದರೆ ನಡುವೆ ಬಟ್ಟೆ ಇಡಿ.

ಹೆಜ್ಜೆ 7: ಒಂದು ಕಡತ ತೆರೆಯಿರಿ

ಪ್ರತಿ ವಸ್ತುವಿಗೂ ಒಂದು ಫೈಲು. ಸ್ಕೇಲ್ ಪಕ್ಕ ಇಟ್ಟು ತೆಗೆದ ಫೋಟೋ, ಅಳತೆ, ತೂಕ, ಚೀಟಿಯ ಹತ್ತಿರದ ಫೋಟೋ, ಲಾಟ್ ನಂಬರ್, ಕ್ಯಾಟಲಾಗ್ ಪುಟದ ಪ್ರತಿ, ಬಿಲ್ಲು, ಕಸ್ಟಮ್ಸ್ ಕಾಗದ, ಮಾರಿದವರ ಜೊತೆಗಿನ ಇಮೇಲ್. ನೀರಿನಲ್ಲಿ ಇಟ್ಟಿದ್ದರೆ ಟಿಡಿಎಸ್ ಲೆಕ್ಕವೂ ಇರಲಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮನೆಯ ಇನ್ನೊಬ್ಬರಿಗೂ ಕಳಿಸಿ. ಚೀಟಿಯ ಅಂಚು ಏಳುತ್ತಿದ್ದರೆ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಹಳದಿಯಾಗಿ ಅಕ್ಷರ ತಿನ್ನುತ್ತದೆ. ಬಿದ್ದೇ ಹೋದರೆ ಚಿಕ್ಕ ಲಕೋಟೆಯಲ್ಲಿ ಹಾಕಿ, ಎಲ್ಲಿ ಅಂಟಿತ್ತು ಅನ್ನುವ ಹಳೆಯ ಫೋಟೋ ಜೊತೆ ಇಡಿ.

ನನ್ನ ಬಟ್ಟಲಿನೊಳಗೆ ಒಂದು ಕಾಗದದ ತುಣುಕು ಮಡಚಿ ಇಟ್ಟಿದ್ದೇನೆ. ನಾಳೆ ಮನೆಯಲ್ಲಿ ಯಾರಾದರೂ ಬೀರು ಒರೆಸುವಾಗ ಕೈಗೆ ಸಿಗಲಿ ಅಂತ. ಪೆನ್ಸಿಲ್‌ನಲ್ಲಿ ಬರೆದದ್ದು ನಾಲ್ಕೇ ಸಾಲು: "ದೆಹುವಾ ಬಟ್ಟಲು. ಟೆಕ್ ಸಿಂಗ್ ಹಡಗು, 6 ಫೆಬ್ರವರಿ 1822. ಫೈಲು ಮೇಲಿನ ಖಾನೆಯಲ್ಲಿದೆ. ಚೀಟಿ ಕೀಳಬೇಡಿ."